ಸುರಪುರಕ್ಕೆ ಒಂದು ದಿನದ ಅಧ್ಯಯನ ಪ್ರವಾಸ

ಪ್ರವಾಸವೆಂದೊಡನೆ ನಮ್ಮ ಶಾಲೆಗಳ ದೃಷ್ಟಿ ಬೇಲೂರು, ಹಳೇಬೀಡು, ಮೈಸೂರುಗಳ ಕಡೆಗೆ ಹರಿಯುತ್ತದೆ. ಹರಿಯಬಾರದೆಂದು ಯಾರೂ ಹೇಳಲಾರರು. ಆದರೆ ರಾಜಾ ವೆಂಕಟಪ್ಪನಾಯಕನ ಹೆಸರನ್ನು ಪಾಠದಲ್ಲಿ ಕಂಠಪಾಠ ಮಾಡಿದ ಯಾದಗಿರಿಯ ಬಾಲಕನು ಆತನ ಊರಿನ ಬೆಟ್ಟವನ್ನೇ ನೋಡದೆ ಬೆಳೆಯುವುದು ವಿಚಿತ್ರವಲ್ಲವೆ?

ಬೆಳಗ್ಗೆ ಯಾದಗಿರಿಯನ್ನು ಬಿಟ್ಟು ಭೀಮೆಯನ್ನು ದಾಟಿದರೆ ಕೃಷ್ಣಾ–ಭೀಮೆಗಳ ನಡುವಣ ನಾಡು. ಶಹಾಪುರದ ಬಳಿ ಮಲಗಿದ ಬುದ್ಧನಂತೆ ತೋರುವ ಗುಡ್ಡಸಾಲನ್ನು ಮಕ್ಕಳು ತಾವೇ ಗುರುತಿಸಲಿ. ಗುರುಗಳು ಮೊದಲೇ ಬೆರಳು ತೋರಿಸುವುದು ಬೇಡ.

ಸುರಪುರವು ಒಂದು ವಿಪತ್ತಿನ ಫಲ. 1705ರಲ್ಲಿ ಔರಂಗಜೇಬನು ವಾಗಿನಗೇರಿಯ ಕೋಟೆಗೆ ಮುತ್ತಿಗೆ ಹಾಕಿದನು. ಆ ಬಾದಶಹನು ತಾನೇ ನಡೆಸಿದ ಕೊನೆಯ ಮುತ್ತಿಗೆ ಅದು. ಕೋಟೆ ಕೈತಪ್ಪಿತು, ನಾಯಕರು ತಪ್ಪಿಸಿಕೊಂಡರು. ಬಳಿಕ ಪೀತಾಂಬರ ಬಹರಿ ಪಿಡ್ಡನಾಯಕನ ಕಾಲದಲ್ಲಿ ಸುರಪುರ ರಾಜಧಾನಿಯಾಗಿ ಬೆಳೆಯಿತು. ಇದೇ ಕಾಲಕ್ಕೆ ಇಟಲಿಯ ಸಿಸಿಲಿ ದ್ವೀಪದಲ್ಲಿ ನೋತೊ ಎಂಬ ಊರು, 1693ರ ಭೂಕಂಪದಲ್ಲಿ ನೆಲಸಮವಾಗಿ, ಬೇರೊಂದು ನೆಲೆಯಲ್ಲಿ ಮತ್ತೆ ತಲೆಯೆತ್ತುತ್ತಿತ್ತು. ಜೇನಿನ ಬಣ್ಣದ ಮೆದು ಸುಣ್ಣಕಲ್ಲು, ಬಾಗಿ ಬಳುಕುವ ಮುಖಭಿತ್ತಿ, ವಿಕಟಮುಖಗಳನ್ನು ಹೊತ್ತ ಮೊಗಸಾಲೆಗಳು: ಬರೋಕ್ ಎಂಬ ಆ ಶೈಲಿಯನ್ನು ಒಂದು ದಿನದಲ್ಲಿ ನೋಡಿ ಬರಲು ಲೋಕವೇ ಅಲ್ಲಿಗೆ ಹೋಗುತ್ತದೆ. ನಮ್ಮದು ಗಡಸು ಬಂಡೆಯ ನಾಡು. ಆ ಬಳುಕನ್ನು ಇಲ್ಲಿ ಅರಸಬಾರದು. ಸುರಪುರದ ಚೆಲುವು ಬೆಟ್ಟದ ಏರಿಳಿತಕ್ಕೆ ಒಗ್ಗಿ ನಿಂತ ಓಣಿಗಳಲ್ಲಿ, ಅರಮನೆಯಲ್ಲಿ, ವೇಣುಗೋಪಾಲಸ್ವಾಮಿಯ ಗುಡಿಯಲ್ಲಿದೆ. ಗೋಕುಲಾಷ್ಟಮಿಯ ವೇಳೆಗೆ ಹೋದವರಿಗೆ ಹಾಲೋಕುಳಿಯೂ ಕಾಣಸಿಕ್ಕೀತು.

ಇನ್ನೊಂದು ಹೋಲಿಕೆಯನ್ನು ದಾನಿಗಳೂ ಗಮನಿಸಬೇಕು. 1996ರಲ್ಲಿ ನೋತೊ ನಗರದ ಪ್ರಧಾನ ದೇವಾಲಯದ ಗುಮ್ಮಟ ಕುಸಿಯಿತು. ಆ ಜನ ಅದನ್ನು ಹಳೆಯ ರೂಪದಲ್ಲಿಯೇ ಎತ್ತಿ ಕಟ್ಟಿ 2007ರಲ್ಲಿ ಬಾಗಿಲು ತೆರೆದರು. ನಡುವೆ, 2002ರಲ್ಲಿ, ನೋತೊ ಸೇರಿದಂತೆ ಆ ಸೀಮೆಯ ಎಂಟು ಊರುಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನಮ್ಮಲ್ಲಿ ಹಳೆಯ ಗೋಡೆ ಬಿದ್ದರೆ ಅದರ ಕಲ್ಲು ಹೊಸ ಪಾಯಕ್ಕೆ ಹೋಗುವುದೇ ರೂಢಿ.

ದಿನದ ಹೆಚ್ಚಿನ ಹೊತ್ತನ್ನು ಟೇಲರ್ ಮಂಜಿಲ್‌ಗೆ ಮೀಸಲಿಡಬೇಕು. ಊರನ್ನು ಮೇಲಿನಿಂದ ನೋಡುವ ಈ ಬಂಗಲೆ ಮೆಡೋಸ್ ಟೇಲರನದು. ವೆಂಕಟಪ್ಪನಾಯಕನು ಬಾಲಕನಾಗಿದ್ದಾಗ, 1841ರಿಂದ 1853ರವರೆಗೆ, ಸಂಸ್ಥಾನದ ಮೇಲ್ವಿಚಾರಣೆ ಆತನ ಕೈಯಲ್ಲಿತ್ತು. ಬಾಲರಾಜನು ಆತನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನಂತೆ. ಅದೇ ಬಾಲಕ 1858ರ ಫೆಬ್ರವರಿಯಲ್ಲಿ ಆಂಗ್ಲರ ವಿರುದ್ಧ ನಿಂತನು, ಸೆರೆಸಿಕ್ಕನು. ಟೇಲರನು ಸೆರೆಮನೆಯಲ್ಲಿ ಆತನನ್ನು ಕಂಡನು. ಮರಣದಂಡನೆ ತಗ್ಗಿತು, ಆದರೆ ಚೆಂಗಲ್‌ಪೇಟೆಗೆ ಒಯ್ಯುವ ಹಾದಿಯಲ್ಲಿ, ಮೇ ತಿಂಗಳಲ್ಲಿ, ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ರಾಜನು ಮಡಿದನು. ತಾನೇ ಹಾರಿಸಿಕೊಂಡನೆಂದು ಸರಕಾರದ ಹೇಳಿಕೆ. ನಾಡಿನ ಜನ ಅದನ್ನು ಸುಲಭವಾಗಿ ನಂಬಲಿಲ್ಲ. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು.

ಪ್ರೀತಿಯಿಂದ ಸಾಕಿದವನು ಪರರಾಜ್ಯದ ಅಧಿಕಾರಿ; ಅವನ ಕೈಯಲ್ಲಿ ಬೆಳೆದವನು ಆ ರಾಜ್ಯದ ವೈರಿ. ಇವರಲ್ಲಿ ಯಾರು ಒಳ್ಳೆಯವರೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಗುರುಗಳು ಅವಸರದ ಉತ್ತರ ಕೊಡದಿದ್ದರೆ ಆ ಮಂಜಿಲ್‌ನ ಜಗುಲಿಯೇ ಉತ್ತಮ ತರಗತಿಯಾದೀತು. ಸುರಪುರದ ಈ ಘಟ್ಟವನ್ನು ಬರಿಯ ಜಯಘೋಷದಿಂದ ಮುಗಿಸುವ ಪಾಠಗಳು ನನಗೆ ರುಚಿಸುವುದಿಲ್ಲ.

ಟೇಲರನು ಶಹಾಪುರದ ಬಳಿಯ ವಿಭೂತಿಹಳ್ಳಿಯ ಕಲ್ಲುಸಾಲುಗಳನ್ನೂ ರಾಜನಕೋಳೂರಿನ ಕಲ್ಮನೆಗಳನ್ನೂ ಅಳೆದು ಬರೆದವನು. ಹಳ್ಳಿಗರು ಆ ಕಲ್ಮನೆಗಳನ್ನು ಗಿಡ್ಡ ಮೋರ್ಯರ ಮನೆಗಳೆನ್ನುತ್ತಿದ್ದರು. ಅವು ಪ್ರಾಚೀನರ ಶವಸಂಸ್ಕಾರದ ನೆಲೆಗಳು. ವಿಭೂತಿಹಳ್ಳಿಯನ್ನು ಹಿಂದಿರುಗುವಾಗ ಬಿಸಿಲು ಇಳಿದ ಮೇಲೆ ನೋಡಬಹುದು. ರಾಜನಕೋಳೂರು ಈ ದಿನದ ಲೆಕ್ಕಕ್ಕೆ ಹಿಡಿಯದು. ಅದಕ್ಕೆ ಮತ್ತೊಂದು ದಿನವನ್ನೇ ತೆಗೆದಿಡಬೇಕು.