ಕ್ಯಾಮರಾ ತಯಾರಕರ ಪೈಪೋಟಿ

ವೀರಭದ್ರೇಶ್ವರನ ಜಾತ್ರೆಯಲ್ಲಾಗಲಿ, ಮದುವೆಯ ಮಂಟಪದಲ್ಲಾಗಲಿ, ನಮ್ಮ ಹುಮನಾಬಾದಿನ ಛಾಯಾಗ್ರಾಹಕರ ಕೊರಳನ್ನು ಗಮನಿಸಿರಿ. ಕ್ಯಾಮರಾ ತೂಗುವ ಪಟ್ಟಿಯ ಮೇಲೆ ಕ್ಯಾನನ್ ಅಥವಾ ನಿಕಾನ್ ಎಂದಿರುತ್ತದೆ. ಈಚೆಗೆ ಸೋನಿಯೂ ಸೇರಿದೆ. ಯಾವುದು ಮೇಲೆಂಬ ವಾದಕ್ಕೆ ಕೊನೆಯಿಲ್ಲ. ಆದರೆ ಈ ಕಂಪನಿಗಳ ಬಲ ಎಲ್ಲಿದೆಯೆಂದು ವಿಚಾರಿಸಿದರೆ ಸ್ವಾರಸ್ಯವಾದ ಸಂಗತಿಗಳು ಹೊರಬೀಳುತ್ತವೆ.

ಮೂವರೂ ಜಪಾನಿನವರು. ನಿಕಾನಿನ ಮೂಲ ಹೆಸರು ನಿಪ್ಪಾನ್ ಕೊಗಾಕು. 1917ರಲ್ಲಿ ಮಿತ್ಸುಬಿಷಿಯ ಬೆಂಬಲದಿಂದ ಹುಟ್ಟಿದ ಈ ಕಂಪನಿ ನೌಕಾದಳಕ್ಕೆ ದುರ್ಬೀನು ಮೊದಲಾದವನ್ನು ಮಾಡಿಕೊಡುತ್ತಿತ್ತು; ಮಸೂರಕ್ಕೆ ಬೇಕಾದ ಗಾಜನ್ನೂ ತಾನೇ ಕರಗಿಸಲು ಕಲಿಯಿತು. ಕ್ಯಾನನ್ನಿನ ಆರಂಭವಾದರೋ 1933ರಲ್ಲಿ ಟೋಕಿಯೋ ನಗರದ ಒಂದು ಮಹಡಿಯ ಕೋಣೆಯಲ್ಲಿ. ಗೊರೊ ಯೊಶಿದ ಎಂಬಾತನು ಜರ್ಮನಿಯ ಲೈಕಾ ಕ್ಯಾಮರಾವನ್ನು ಬಿಚ್ಚಿ, ಒಳಗೆ ವಜ್ರವೈಡೂರ್ಯಗಳೇನೂ ಇಲ್ಲ, ಹಿತ್ತಾಳೆ, ಅಲ್ಯುಮಿನಿಯಂ, ಕಬ್ಬಿಣ, ರಬ್ಬರುಗಳಷ್ಟೇ ಇವೆಯೆಂದು ಕಂಡನು. ಇಷ್ಟಕ್ಕೆ ಅಷ್ಟೊಂದು ಬೆಲೆಯೇ ಎಂದು ಸ್ವತಃ ತಯಾರಿಕೆಗೆ ತೊಡಗಿದನು. 1934ರ ಮಾದರಿಗೆ ‘ಕ್ವಾನನ್’ ಎಂದು ಹೆಸರಾಯಿತು. ಈ ಕ್ವಾನನ್ ಬೇರೆ ಯಾರೂ ಅಲ್ಲ, ಬೌದ್ಧಧರ್ಮದೊಡನೆ ನಮ್ಮ ದೇಶದಿಂದ ಹೋದ ಅವಲೋಕಿತೇಶ್ವರನೇ!

ಹಿತ್ತಾಳೆ, ಕಬ್ಬಿಣಗಳೇನೋ ಸಿಕ್ಕವು. ಮಸೂರ ಎಲ್ಲಿಂದ ಬರಬೇಕು? ಅದನ್ನು ಒದಗಿಸಿದವರು ನಿಪ್ಪಾನ್ ಕೊಗಾಕುವಿನವರು. 1936ರಲ್ಲಿ ಮಾರಾಟಕ್ಕೆ ಬಂದ ಹನ್ಸಾ ಕ್ಯಾನನ್ನಿನಲ್ಲಿದ್ದುದು ‘ನಿಕ್ಕೊರ್’ ಮಸೂರ. ಇಂದಿನ ಕಡುಸ್ಪರ್ಧಿಯ ಕಣ್ಣಿನಿಂದಲೇ ಕ್ಯಾನನ್ ಲೋಕವನ್ನು ಮೊದಲು ನೋಡಿತು. ನಿಕಾನ್ ತನ್ನ ಹೆಸರಿನ ಕ್ಯಾಮರಾ ಹೊರತಂದದ್ದು ಯುದ್ಧ ಮುಗಿದ ಮೇಲೆ, 1948ರಲ್ಲಿ.

1959ರಲ್ಲಿ ಇಬ್ಬರೂ, ಕನ್ನಡಿಯ ಸಹಾಯದಿಂದ ಮಸೂರದ ಮೂಲಕವೇ ದೃಶ್ಯವನ್ನು ನೋಡುವ ಕ್ಯಾಮರಾ ತಂದರು. ನಿಕಾನ್ ಎಫ್ ಪತ್ರಿಕಾ ಛಾಯಾಗ್ರಾಹಕರ ಮನಸ್ಸನ್ನು ಗೆದ್ದಿತು. ಕ್ಯಾನನ್‌ಫ್ಲೆಕ್ಸ್ ಬಹುಕಾಲ ನಿಲ್ಲಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಛಾಯಾಗ್ರಾಹಕನ ಹಣ ಹೆಚ್ಚಾಗಿ ತೊಡಗುವುದು ಮಸೂರಗಳಲ್ಲಿ. ಒಂದು ಕಂಪನಿಯ ಮಸೂರ ಇನ್ನೊಂದರ ಕ್ಯಾಮರಾಕ್ಕೆ ನೇರವಾಗಿ ಕೂರದು. ಆದ್ದರಿಂದ ನಾಲ್ಕು ಮಸೂರ ಕೊಂಡವನು ಮನೆ ಬದಲಿಸಲಾರ. 1987ರಲ್ಲಿ, ತಾನೇ ಸ್ಫುಟತೆ ಹೊಂದಿಸಿಕೊಳ್ಳುವ ಈಓಎಸ್ ಕ್ಯಾಮರಾ ತಂದಾಗ ಕ್ಯಾನನ್ ಮಸೂರ ಕೂರುವ ಬಾಯನ್ನೇ ಬದಲಿಸಿತು. ಹಳೆಯ ಮಸೂರಗಳನ್ನಿಟ್ಟುಕೊಂಡ ಗ್ರಾಹಕರು ಸಿಟ್ಟಾದರು. ಸಿಟ್ಟಿಗೆ ಕಾರಣವೂ ಇತ್ತು. ಆದರೆ ಹೊಸ ಬಾಯಿಯ ಅಗಲ 54 ಮಿಲಿಮೀಟರ್; ಮೋಟಾರು ಮಸೂರದೊಳಗೇ ಇದ್ದಿತು. ನಿಕಾನ್ ಹಳಬರನ್ನು ಕೈಬಿಡದೆ 1959ರ ಬಾಯನ್ನೇ ಉಳಿಸಿಕೊಂಡು, ಮೋಟಾರನ್ನು ಕ್ಯಾಮರಾದಲ್ಲಿಟ್ಟಿತು. ವೇಗದ ಓಟದಲ್ಲಿ ಕ್ಯಾನನ್ ಮುಂದಾಯಿತು. ನನಗೆ ನಿಕಾನಿನ ನಡತೆಯೇ ಮೆಚ್ಚುಗೆಯಾದರೂ ವ್ಯಾಪಾರದಲ್ಲಿ ಕ್ಯಾನನ್ನಿನ ಲೆಕ್ಕ ಸರಿಯಾಯಿತೆನ್ನಬೇಕು.

ಫಿಲ್ಮಿನ ಕಾಲ ಮುಗಿದ ಮೇಲೆ ಗಾಜಿನಷ್ಟೇ ಮುಖ್ಯವಾದುದು ಬೆಳಕನ್ನು ವಿದ್ಯುತ್ತಾಗಿಸುವ ಸೆನ್ಸರ್. ಕ್ಯಾನನ್ 2000ದ ಡಿ30 ಕ್ಯಾಮರಾಕ್ಕೆ ಅದನ್ನು ತಾನೇ ತಯಾರಿಸಿತು. ನಿಕಾನ್ ಅನೇಕ ಕ್ಯಾಮರಾಗಳಿಗೆ ಸೋನಿಯಿಂದ ಕೊಂಡಿತು. ಆ ಸೋನಿಯೇ 2006ರಲ್ಲಿ ಕೊನಿಕಾ ಮಿನೋಲ್ಟಾದ ಕ್ಯಾಮರಾ ವ್ಯವಹಾರವನ್ನು ವಹಿಸಿಕೊಂಡು ಕಣಕ್ಕಿಳಿಯಿತು. 2013ರಲ್ಲಿ ಕನ್ನಡಿಯಿಲ್ಲದ ಆಲ್ಫಾ 7 ತಂದಿತು. ಉಳಿದಿಬ್ಬರು ಅಂಥದೇ ದೊಡ್ಡ ಸೆನ್ಸರಿನ ಕ್ಯಾಮರಾ ತಂದದ್ದು 2018ರಲ್ಲಿ.

ಆಗ ನಿಕಾನ್ ಕೂಡ ಹೊಸ ಬಾಯಿ ಮಾಡಿತು, 55 ಮಿಲಿಮೀಟರಿನದು. ಹಳೆಯ ಮಸೂರಗಳಿಗೆಂದು ನಡುವೆ ಇಡುವ ಬಳೆಯೊಂದನ್ನೂ ಕೊಟ್ಟಿತು. ಆ ಬಳೆಯಲ್ಲಿ ಮೋಟಾರಿಲ್ಲ. ಒಳಗೆ ಮೋಟಾರಿಲ್ಲದ ಹಳೆಯ ನಿಕ್ಕೊರ್‌ಗಳ ಸ್ಫುಟತೆಯನ್ನು ಅದರೊಡನೆ ಕೈಯಿಂದಲೇ ಹೊಂದಿಸಬೇಕು.