ಹಳೆಯ ಯಂತ್ರ, ಹೊಸ ದುಡಿಮೆ

ದನಗಳ ಜಾತ್ರೆಗೆ ಹೋದ ರೈತನು ಎತ್ತನ್ನು ಕಂಡೊಡನೆ ಬೆಲೆ ಕಟ್ಟುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಗೊರಸನ್ನು ಪರೀಕ್ಷಿಸುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನಡಿಗೆಯನ್ನು ಗಮನಿಸುತ್ತಾನೆ. ತಲೆತಲಾಂತರದಿಂದ ಬಂದ ಈ ವಿವೇಕವು ಯಂತ್ರವನ್ನು ಕೊಳ್ಳುವಾಗಲೂ ಅಷ್ಟೇ ಅಗತ್ಯವಾದುದು. ಹೊಸ ಟ್ರ್ಯಾಕ್ಟರಿನ ಬೆಲೆ ಸಣ್ಣ ಹಿಡುವಳಿದಾರನ ಕೈಗೆ ಸುಲಭವಾಗಿ ಎಟುಕುವುದಿಲ್ಲ. ಆದುದರಿಂದ ಅನೇಕರು ಬಳಸಿದ ಟ್ರ್ಯಾಕ್ಟರನ್ನು ಕೊಳ್ಳುತ್ತಾರೆ. ಅದಕ್ಕಾಗಿ ಹಲವು ವರ್ಷಗಳ ಉಳಿತಾಯವನ್ನು ತೊಡಗಿಸುತ್ತಾರೆ. ಇಲ್ಲವೆ ಸಾಲ ಮಾಡುತ್ತಾರೆ. ಯಂತ್ರದ ಒಳಹೊರಗನ್ನು ಅರಿತವನಿಗೆ ಈ ವ್ಯಾಪಾರದಿಂದ ಲಾಭವುಂಟು; ಅರಿಯದವನ ಪಾಡು ಅಗ್ಗವೆಂದು ಮುಗ್ಗಿದ ಜೋಳ ಕೊಂಡಂತೆ.

ಸುಮಾರು 20ರಿಂದ 30 ಅಶ್ವಶಕ್ತಿಯ ಚಿಕ್ಕ ಟ್ರ್ಯಾಕ್ಟರು ತೋಟದ ಸಾಲುಗಳ ನಡುವೆ ಸಲೀಸಾಗಿ ಸಂಚರಿಸಬಲ್ಲದು. ಅದರ ಹಿಂಭಾಗಕ್ಕೆ ಅಗೆಯುವ ತೋಳೊಂದನ್ನು ಜೋಡಿಸಿದರೆ ಕೊಳವೆ ಹೂಳಲು ಕಾಲುವೆ ತೋಡಬಹುದು, ಬಸಿಗಾಲುವೆಯ ಹೂಳೆತ್ತಬಹುದು, ಸಸಿ ನೆಡಲು ಗುಂಡಿ ತೆಗೆಯಬಹುದು. ಈ ತೋಳಿಗೆ ‘ಬ್ಯಾಕ್‌ಹೋ’ ಎಂದು ಹೆಸರು. ನಮ್ಮ ಜನರು ಅಗೆಯುವ ಯಂತ್ರವನ್ನೆಲ್ಲ ‘ಜೆ.ಸಿ.ಬಿ.’ ಎಂದೇ ಕರೆಯುವುದುಂಟು. ಅದು ಇಂಗ್ಲೆಂಡಿನ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಅವರ ಹೆಸರಿನ ಮೊದಲಕ್ಷರಗಳಿಂದ ಬಂದುದು. ಅವರು 1945ರಲ್ಲಿ ಒಂದು ಸಣ್ಣ ಗ್ಯಾರೇಜಿನಲ್ಲಿ, ಯುದ್ಧಕಾಲದ ಉಳಿಕೆ ಸಾಮಗ್ರಿಗಳಿಂದ ಟ್ರೈಲರೊಂದನ್ನು ತಯಾರಿಸಿ ತಮ್ಮ ಉದ್ಯಮವನ್ನು ಆರಂಭಿಸಿದರು. ಹಳೆಯದರಿಂದ ಹೊಸತನ್ನು ಕಟ್ಟಬಹುದೆಂಬುದಕ್ಕೆ ಇದೂ ಒಂದು ನಿದರ್ಶನ.

ಈ ತೋಳಿಗೆ ಅಷ್ಟೊಂದು ಬಲ ಎಲ್ಲಿಂದ ಬರುತ್ತದೆ? ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವೇ ಇದಕ್ಕೆ ಆಧಾರ. ಎಂಜಿನ್ನಿನ ಬಲದಿಂದ ತಿರುಗುವ ಪಂಪು ಎಣ್ಣೆಯನ್ನು ಉಕ್ಕಿನ ಸಿಲಿಂಡರುಗಳೊಳಗೆ ಒತ್ತುತ್ತದೆ. ಪಿಸ್ಟನ್ನಿನ ವ್ಯಾಸ 6 ಸೆಂಟಿಮೀಟರ್ ಇದ್ದರೆ ಅದರ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ಭಾರದಷ್ಟು ಒತ್ತಡವಿದ್ದರೆ, ಆ ಪಿಸ್ಟನ್ನು ಸುಮಾರು 4,200 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ತಳ್ಳುತ್ತದೆ. ಬಂಡೆಯಂತಹ ಮಣ್ಣನ್ನು ಸೀಳುವ ಈ ಶಕ್ತಿಯೇ ಯಂತ್ರದ ದುರ್ಬಲ ಭಾಗಗಳನ್ನೂ ಸೀಳಬಲ್ಲದು ಎಂಬುದನ್ನು ಕೊಳ್ಳುವವನು ಮರೆಯಬಾರದು.

ಪರೀಕ್ಷೆಯು ಎಂಜಿನ್ನಿನಿಂದ ಆರಂಭವಾಗಬೇಕು. ಚಾಲೂ ಮಾಡುವ ಮೊದಲು ಎಂಜಿನ್ನು ತಣ್ಣಗಿರಬೇಕು. ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅದರ ದೋಷಗಳು ಮರೆಯಾಗಬಹುದು. ಹೊಗೆಯ ಬಣ್ಣವೂ ರೋಗವನ್ನು ಸೂಚಿಸುತ್ತದೆ. ಎಡೆಬಿಡದೆ ನೀಲಿ ಹೊಗೆ ಬಂದರೆ ರಿಂಗುಗಳು ಸವೆದು ಎಂಜಿನ್ ಎಣ್ಣೆ ಉರಿಯುತ್ತಿರಬಹುದು. ದಟ್ಟವಾದ ಕಪ್ಪು ಹೊಗೆ ಬಂದರೆ ಗಾಳಿಯ ಫಿಲ್ಟರು ಕಟ್ಟಿರಬಹುದು, ಇಲ್ಲವೆ ಡೀಸೆಲ್ ಅಳತೆ ಮೀರಿ ಹೋಗುತ್ತಿರಬಹುದು. ಎಂಜಿನ್ನು ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲವೆಂದೋ ನೀರು ಒಳಗೆ ಸೋರುತ್ತಿದೆಯೆಂದೋ ಶಂಕಿಸಬೇಕು. ಎಣ್ಣೆಯ ಅಳತೆಕಡ್ಡಿಯ ಮೇಲೆ ಹಾಲಿನಂತಹ ಬಿಳುಪು ಕಂಡರೆ ಎಣ್ಣೆಗೆ ನೀರು ಬೆರೆತಿದೆ. ಗಂಟೆಗಳನ್ನು ತೋರುವ ಮೀಟರನ್ನು ಬದಲಾಯಿಸಿರಬಹುದು. ಆದರೆ ನುಣ್ಣಗೆ ಸವೆದ ಪೆಡಲು ಯಂತ್ರದ ನಿಜವಾದ ವಯಸ್ಸನ್ನು ಹೇಳುತ್ತದೆ.

ಅನಂತರ ತೋಳಿನ ಸರದಿ. ಅದನ್ನು ಎತ್ತಿ ನಿಲ್ಲಿಸಿ, ಎಂಜಿನ್ನನ್ನು ಆರಿಸಿ, ದೂರ ನಿಂತು ನೋಡಬೇಕು. ತೋಳು ಬೇಗಬೇಗನೆ ಕೆಳಗಿಳಿದರೆ ಸಿಲಿಂಡರಿನ ಸೀಲು ಇಲ್ಲವೆ ವಾಲ್ವು ಸವೆದಿದೆ. ಕೀಲುಗಳ ಪಿನ್ನು ಮತ್ತು ಬುಶ್ಶುಗಳು ಸಡಿಲವಾಗಿದ್ದರೆ ಬಕೆಟ್ಟು ಅತ್ತಿತ್ತ ಅಲ್ಲಾಡುತ್ತದೆ. ಮುಖ್ಯವಾದ ಸಂಗತಿಯೆಂದರೆ, ತೋಳು ಟ್ರ್ಯಾಕ್ಟರಿನ ಅಡಿಯಲ್ಲಿ ಹಾದುಹೋಗುವ ಭದ್ರವಾದ ಉಕ್ಕಿನ ಚೌಕಟ್ಟಿಗೆ ಜೋಡಣೆಯಾಗಿರಬೇಕು. ಇಲ್ಲದಿದ್ದರೆ ಅಗೆತದ ಎಳೆತವೆಲ್ಲ ಗೇರುಪೆಟ್ಟಿಗೆಯ ಎರಕದ ಮೇಲೆ ಬಿದ್ದು ಅದು ಬಿರುಕು ಬಿಡಬಹುದು. ಬೆಸುಗೆಯ ಬಿರುಕುಗಳನ್ನು ಹೊಸ ಬಣ್ಣವು ಮುಚ್ಚಿರುವುದುಂಟು.

ಹಣ ಕೊಡುವ ಮೊದಲು ನೋಂದಣಿ ಪತ್ರದಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಯಂತ್ರದ ಮೇಲಿನ ಸಂಖ್ಯೆಗಳೊಡನೆ ಹೋಲಿಸಬೇಕು. ಹಿಂದಿನ ಸಾಲ ತೀರಿದೆಯೆಂಬ ನಿರಾಕ್ಷೇಪಣಾ ಪತ್ರವನ್ನೂ ಕೇಳಿ ಪಡೆಯಬೇಕು.

ಯಂತ್ರ ಮನೆಗೆ ಬಂದ ಮೇಲೆ ದುರಸ್ತಿಗೆ ಒಂದು ಕ್ರಮವುಂಟು. ಮೊದಲು ಮಣ್ಣು, ಜಿಡ್ಡುಗಳನ್ನು ತೊಳೆದರೆ ಸೋರಿಕೆಯ ಜಾಗ ತಾನಾಗಿ ಕಾಣುತ್ತದೆ. ಬಳಿಕ ಎಣ್ಣೆಗಳನ್ನೂ ಫಿಲ್ಟರುಗಳನ್ನೂ ಬದಲಾಯಿಸಬೇಕು. ಡೀಸೆಲ್ ಕೊಳವೆಯಲ್ಲಿ ಸೇರಿದ ಗಾಳಿಯನ್ನು ಹೊರಬಿಡಬೇಕು. ಬ್ರೇಕು, ಸ್ಟಿಯರಿಂಗುಗಳನ್ನು ಸರಿಪಡಿಸಿದ ನಂತರ ಪಿನ್ನು, ಬುಶ್ಶು, ಸೀಲುಗಳ ಕೆಲಸ. ಬಣ್ಣ ಬಳಿಯುವುದು ಎಲ್ಲಕ್ಕಿಂತ ಕೊನೆಗೆ.

ಇಲ್ಲಿ ಅಜಾಗರೂಕತೆಗೆ ಎಡೆಯಿಲ್ಲ. ರಬ್ಬರು ಹೋಸಿನ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆಯು ಚರ್ಮವನ್ನು ಭೇದಿಸಿ ಒಳಹೋಗಬಲ್ಲದು. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಚಿಕಿತ್ಸೆ ದೊರೆಯದಿದ್ದರೆ ಕೈಯನ್ನೇ ಕಳೆದುಕೊಳ್ಳಬೇಕಾದೀತು. ಆದುದರಿಂದ ಸೋರಿಕೆಯನ್ನು ಕೈಯಿಂದ ತಡವಿ ಹುಡುಕದೆ ರಟ್ಟಿನ ತುಂಡನ್ನು ಹಿಡಿದು ನೋಡಬೇಕು. ಹೋಸನ್ನು ಬಿಚ್ಚುವ ಮೊದಲು ಬಕೆಟನ್ನು ನೆಲಕ್ಕಿಳಿಸಿ, ಎಂಜಿನ್ ಆರಿಸಿ, ಸನ್ನೆಗಳನ್ನು ಆಡಿಸಿ ಒಳಗಿನ ಒತ್ತಡವನ್ನು ಇಳಿಸಬೇಕು. ಎತ್ತಿ ನಿಲ್ಲಿಸಿದ ತೋಳಿನ ಕೆಳಗೆ ಎಂದಿಗೂ ನುಸುಳಬಾರದು.

ಯಂತ್ರವನ್ನು ನಡೆಸಲು ಕಲಿತರೆ ಸಾಲದು. ಅದನ್ನು ಅರಿಯಲೂ ಕಲಿಯಬೇಕು. ತರಗತಿಯಲ್ಲಿ ಓದುವ ವಿಜ್ಞಾನದ ನಿಯಮವೊಂದು ಹೊಲದ ಬದುವಿನಲ್ಲಿ ರೈತನ ಹಣವನ್ನೂ ಪ್ರಾಣವನ್ನೂ ಕಾಪಾಡಬಲ್ಲದು. ಇಂತಹ ಅರಿವುಳ್ಳ ಕೈಗಳಲ್ಲಿ ಹಳೆಯ ಯಂತ್ರವು ಇನ್ನೂ ಹಲವು ಮಳೆಗಾಲಗಳವರೆಗೆ ದುಡಿಯುತ್ತದೆ.

ಅಭ್ಯಾಸ
1. ಕೊಳ್ಳುವ ಮೊದಲು ಎಂಜಿನ್ನು ತಣ್ಣಗಿರಬೇಕು ಏಕೆ?
2. ಅಗೆಯುವ ತೋಳಿನ ಕಾರ್ಯದಲ್ಲಿ ಪಾಸ್ಕಲನ ನಿಯಮವು ಹೇಗೆ ಅನ್ವಯವಾಗುತ್ತದೆ?
3. ‘ಬಣ್ಣ ಬಳಿಯುವುದು ಎಲ್ಲಕ್ಕಿಂತ ಕೊನೆಗೆ’ — ಈ ಮಾತನ್ನು ಸಮರ್ಥಿಸಿರಿ.