ಗಾಜುಗಪ್ಪೆ

ಕಪ್ಪೆಯ ಹೃದಯ ಮಿಡಿಯುವುದನ್ನು ಕಾಣಬೇಕಾದರೆ ಅದರ ಒಡಲನ್ನು ಕೊಯ್ಯಲೇಬೇಕೆಂಬುದು ಹಿಂದಿನ ಪ್ರಯೋಗಶಾಲೆಗಳ ಪಾಠವಾಗಿತ್ತು. ಕತ್ತರಿಯ ಅಗತ್ಯವೇ ಇಲ್ಲದ ಕಪ್ಪೆಗಳೂ ಲೋಕದಲ್ಲುಂಟು. ನಾನು ಕಲಾವಿಭಾಗದ ವಿದ್ಯಾರ್ಥಿ. ಆದರೂ ಇವುಗಳ ವಿಚಾರವನ್ನು ಓದಿದಾಗ ಉಂಟಾದ ವಿಸ್ಮಯವನ್ನು ಸಹಪಾಠಿಗಳ ಮುಂದಿಡದೆ ಇರಲಾರೆ.

ಗಾಜುಗಪ್ಪೆಗಳು ಮಧ್ಯ ಹಾಗೂ ದಕ್ಷಿಣ ಅಮೆರಿಕದ ಜೀವಿಗಳು. ಇವುಗಳಲ್ಲಿ 150ಕ್ಕೂ ಹೆಚ್ಚು ಜಾತಿಗಳು ತಿಳಿದುಬಂದಿವೆ. ಕೊಲಂಬಿಯಾ, ಈಕ್ವೆಡಾರ್ ದೇಶಗಳಲ್ಲಿನ ಆಂಡೀಸ್ ಪರ್ವತದ ಮಂಜು ಮುಸುಕಿದ ಕಾಡುಗಳು ಅನೇಕ ಜಾತಿಗಳಿಗೆ ತವರು. ಇವುಗಳ ಪೈಕಿ ಮೊದಲನೆಯದನ್ನು 1872ರಲ್ಲಿ ಸ್ಪೇನಿನ ಪ್ರಾಣಿಶಾಸ್ತ್ರಜ್ಞ ಹಿಮೆನೆಸ್ ದೆ ಲಾ ಎಸ್ಪಾದಾ ಎಂಬವರು ಶಾಸ್ತ್ರೀಯವಾಗಿ ವರ್ಣಿಸಿದರು. ಸಾಮಾನ್ಯವಾಗಿ ಇವುಗಳ ಉದ್ದ 2-3 ಸೆಂಟಿಮೀಟರು ಮಾತ್ರ. ಬೆನ್ನು ಎಳೆಹಸುರು, ಹೊಟ್ಟೆಯ ಚರ್ಮ ತಿಳಿ. ಹಲವು ಜಾತಿಗಳಲ್ಲಿ ಬಡಿಯುವ ಹೃದಯವೂ ಹೊರಗಿನಿಂದಲೇ ಕಾಣುತ್ತದೆ.

ಚರ್ಮ ತಿಳಿಯಾಗಿದ್ದರೆ ಸಾಕೆ? ಒಳಗೆ ಹರಿಯುವ ಕೆಂಪು ರಕ್ತವನ್ನು ಮರೆಮಾಡುವುದು ಹೇಗೆ? ಇದಕ್ಕೆ 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಉತ್ತರ ನೀಡಿತು. ಫ್ಲೈಶ್‌ಮನ್ ಎಂಬ ಹೆಸರನ್ನು ಹೊತ್ತ ಗಾಜುಗಪ್ಪೆಯು ಹಗಲು ನಿದ್ರಿಸುವಾಗ ತನ್ನ ಕೆಂಪು ರಕ್ತಕಣಗಳಲ್ಲಿ ಶೇಕಡಾ 89ರಷ್ಟನ್ನು ಯಕೃತ್ತಿನಲ್ಲಿ ಅಡಗಿಸಿಡುತ್ತದೆ. ಆಗ ಅದರ ದೇಹದ ಪಾರದರ್ಶಕತೆ ಎರಡು ಮೂರು ಪಟ್ಟು ಹೆಚ್ಚುತ್ತದೆ. ಎಚ್ಚರಗೊಂಡು ಚಲಿಸತೊಡಗಿದೊಡನೆ ಕಣಗಳು ಮರಳಿ ಹರಿಯುತ್ತವೆ. ಇಷ್ಟೊಂದು ಕಣಗಳು ಒಂದೆಡೆ ಒತ್ತಿಕೊಂಡಿದ್ದರೂ ರಕ್ತ ಹೆಪ್ಪುಗಟ್ಟುವುದಿಲ್ಲವೆಂಬುದು ವೈದ್ಯಶಾಸ್ತ್ರಕ್ಕೂ ಕುತೂಹಲದ ಸಂಗತಿ.

ಗಾಜುಗಪ್ಪೆಗಳು ಸಾಮಾನ್ಯವಾಗಿ ಹೊಳೆಯ ಮೇಲೆ ಬಾಗಿದ ಎಲೆಗಳಿಗೆ ಮೊಟ್ಟೆಗಳನ್ನು ಅಂಟಿಸುತ್ತವೆ. ಅನೇಕ ಜಾತಿಗಳಲ್ಲಿ ಗಂಡೇ ಕಾವಲು ಕಾಯುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಉದುರುತ್ತವೆ. ಆದುದರಿಂದ ಮರ ಹೋದರೂ ಇವುಗಳ ಸಂತತಿಗೆ ಕುತ್ತು, ಹೊಳೆ ಕೆಟ್ಟರೂ ಕುತ್ತು. ಹಕ್ಕಿ ಹಾವುಗಳ ಕಣ್ಣನ್ನು ವಂಚಿಸುವ ಈ ಚಾತುರ್ಯ ಕೊಡಲಿಯ ಮುಂದಾಗಲಿ, ಗಣಿಗಾರಿಕೆಯ ಮುಂದಾಗಲಿ ನಡೆಯದು.

ಇಲ್ಲಿಯೇ ಕಲಾವಿಭಾಗದವರಾದ ನಮಗೂ ಒಂದು ಪಾಠವಿದೆ. ಈಕ್ವೆಡಾರಿನ 2008ರ ಸಂವಿಧಾನವು ಪ್ರಕೃತಿಗೆ ಹಕ್ಕುಗಳುಂಟೆಂದು ಒಪ್ಪಿದೆ. ಅದನ್ನೇ ಆಧಾರವಾಗಿಟ್ಟುಕೊಂಡು ಆ ದೇಶದ ಸಾಂವಿಧಾನಿಕ ನ್ಯಾಯಾಲಯವು 2021ರಲ್ಲಿ ಲೋಸ್ ಸೆದ್ರೋಸ್ ಎಂಬ ಮಂಜುಗಾಡಿನಲ್ಲಿ ಗಣಿಗಾರಿಕೆ ಕೂಡದೆಂದು ತೀರ್ಪಿತ್ತಿತು. 2022ರಲ್ಲಿ ಈ ಕಪ್ಪೆಗಳ ಅಂತರರಾಷ್ಟ್ರೀಯ ವ್ಯಾಪಾರವನ್ನೂ ನಿಯಂತ್ರಣಕ್ಕೆ ಒಳಪಡಿಸಲು ರಾಷ್ಟ್ರಗಳು ಸಮ್ಮತಿಸಿದವು.

ಮಾತು ಬಾರದ ಕಾಡಿಗೂ ನ್ಯಾಯಾಲಯದಲ್ಲಿ ಹಕ್ಕುಂಟೆ? ಈ ಪ್ರಶ್ನೆ ಪ್ರಾಣಿಶಾಸ್ತ್ರಕ್ಕೆ ಮಾತ್ರ ಸೇರಿದುದಲ್ಲ. ರಾಜ್ಯಶಾಸ್ತ್ರವನ್ನೂ ನೀತಿಶಾಸ್ತ್ರವನ್ನೂ ಓದುವ ನಾವೂ ಉತ್ತರಿಸಬೇಕಾದುದು. ಉಗುರಿನಷ್ಟು ಗಾತ್ರದ ಜೀವಿಯೊಂದಕ್ಕಾಗಿ ಬೆಟ್ಟದ ಚಿನ್ನ ತಾಮ್ರಗಳನ್ನು ಬಿಟ್ಟುಕೊಡಬಹುದೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಲೋಹ ಬೇರೆಡೆ ಸಿಕ್ಕೀತು, ಅಳಿದ ಜಾತಿ ಮರಳಿ ಬಾರದು.